ಹೇರೆತ್ತಿನ ದಾರಿಯ ನೆನಪು: ಚಿತ್ರದುರ್ಗ ಸೀಮೆಯ ತಾಂಡಗಳಿಗೆ ಹೊಸದಾಗಿ ಬರುವವರಿಗೆ

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಗೆ ಹೊಸದಾಗಿ ಕೆಲಸಕ್ಕೆ ಬರುವ ಮೇಷ್ಟ್ರುಗಳು, ನರ್ಸಮ್ಮಂದಿರು, ಗ್ರಾಮ ಲೆಕ್ಕಿಗರು, ಬ್ಯಾಂಕಿನ ಹುಡುಗ ಹುಡುಗಿಯರು ಮೊದಲ ತಿಂಗಳಲ್ಲಿ ಸುಮಾರಾಗಿ ಒಂದೇ ಪ್ರಶ್ನೆ ಕೇಳುತ್ತಾರೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಊರು ಮುಗಿದು ಒಂದೆರಡು ಮೈಲಿ ಆದಮೇಲೆ, ಗುಡ್ಡದ ಬುಡದಲ್ಲೋ ಕಾವಲಿನ ಅಂಚಿನಲ್ಲೋ ಇನ್ನೊಂದು ಊರು ಕಾಣುತ್ತದೆ. ಬೋರ್ಡಿನ ಮೇಲೆ 'ತಾಂಡ' ಎಂದೋ 'ಲಂಬಾಣಿಹಟ್ಟಿ' ಎಂದೋ ಬರೆದಿರುತ್ತದೆ. ಅಲ್ಲಿಂದ ಹತ್ತಿದ ಹೆಂಗಸರು ಕಂಡಕ್ಟರ್ ಜೊತೆ ಕನ್ನಡದಲ್ಲಿ ಮಾತಾಡಿ, ತಮ್ಮತಮ್ಮೊಳಗೆ ಬೇರೆ ಭಾಷೆಗೆ ಹೊರಳುತ್ತಾರೆ. ಇವರು ಯಾರು, ಎಲ್ಲಿಯವರು, ಯಾವಾಗ ಬಂದರು? ಹಾಗೆ ಕೇಳುವವರಿಗಾಗಿಯೇ ಈ ಬರಹ. ತಾಂಡದ ಶಾಲೆಗೆ ಹೊಸದಾಗಿ ಬಂದ ಕಿರಿಯ ಶಿಕ್ಷಕರಿಗೆ ಹೇಳುವ ಹಾಗೆಯೇ ಇಲ್ಲಿಯೂ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಚಿತ್ರದುರ್ಗವೆಂದರೆ ನಾಯಕರ ನಾಡು. ಕೋಟೆ ಕಟ್ಟಿದವರು ನಾಯಕರು, 1779ರಲ್ಲಿ ಹೈದರಾಲಿಗೆ ಕೋಟೆ ಸೋತ ಮದಕರಿಯೂ ನಾಯಕ. ತಾಂಡದ ಹಾಜರಿ ಪುಸ್ತಕ ತೆರೆದರೆ ಅಲ್ಲಿಯೂ ಸಾಲುಸಾಲಾಗಿ 'ನಾಯ್ಕ' ಎಂದಿರುತ್ತದೆ. ಇವೆರಡೂ ಒಂದೇ ಅಲ್ಲ. ಕೋಟೆಯ ನಾಯಕರದು ಬೇಡ ಸಮುದಾಯ, ಅವರ ಕುಲದವರು ಇಂದು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ತಾಂಡದವರು ಲಂಬಾಣಿಗಳು, ಅವರಲ್ಲಿ ನಾಯ್ಕ ಎಂದರೆ ತಾಂಡದ ಮುಖಂಡ. ಆ ಪದವಿಯೇ ಎಲ್ಲರ ಹೆಸರಿನ ಕೊನೆಗೆ ಅಂಟಿಕೊಂಡಿತು. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ವಿಜಯಪುರದ ಕಡೆಯ ಲಂಬಾಣಿಗಳು ರಾಠೋಡ, ಚವ್ಹಾಣ, ಪವಾರ ಎಂದು ತಮ್ಮ ಗೋತ್ರವನ್ನೇ ಅಡ್ಡಹೆಸರಾಗಿ ಬರೆಯುತ್ತಾರೆ. ನಮ್ಮ ಕಡೆಯವರು ಅದನ್ನು ಬರೆಯುವುದು ಕಡಿಮೆ, ಆದರೆ ಮರೆತಿಲ್ಲ. ಮದುವೆ ಮಾತುಕತೆಗೆ ಕೂತರೆ ಮೊದಲು ಬರುವ ಪ್ರಶ್ನೆಯೇ ಗೋತ್ರದ್ದು.

ಹಾಗೆಯೇ ಹಟ್ಟಿಗಳೆಲ್ಲ ಒಂದೇ ಎಂದುಕೊಳ್ಳಬೇಡಿ. ಗೊಲ್ಲರಹಟ್ಟಿ ಕಾಡುಗೊಲ್ಲರದು, ಅವರಿಗೆ ಜುಂಜಪ್ಪ, ಎತ್ತಪ್ಪ ಎಂಬ ತಮ್ಮ ವೀರರ ಕಥನಗಳಿವೆ. ಮ್ಯಾಸನಾಯಕರಿಗೆ ತಮ್ಮ ದೇವರ ಎತ್ತುಗಳೂ ಬುಡಕಟ್ಟಿನ ವೀರರೂ ಇದ್ದಾರೆ. ಎಲ್ಲರೂ ಯಾವುದೋ ಕಾಲದಲ್ಲಿ ದನದ ಹಿಂದೆ ನಡೆದು ಈ ಬಯಲಿಗೆ ಬಂದವರೇ. ಈ ಜಿಲ್ಲೆಯಲ್ಲಿ 'ನಾವು ಮೊದಲಿಂದ ಇಲ್ಲೇ ಇದ್ದವರು' ಎಂಬ ಮಾತಿಗಿಂತ 'ನಾವು ಹೀಗೆ ಬಂದೆವು' ಎಂಬ ಕಥೆಯೇ ಹೆಚ್ಚು ಕಿವಿಗೆ ಬೀಳುತ್ತದೆ. ಅವರಲ್ಲಿ ಲಂಬಾಣಿಗಳು ಬಹಳ ದೂರದಿಂದ ಬಂದವರು. ಬಂದಮೇಲೂ ಭಾಷೆಯನ್ನು ಬಿಡದೆ ಉಳಿಸಿಕೊಂಡರು.

ದೂರದಿಂದ ಬಂದು ನೆಲೆಸಿದವರ ನೆನಪು ಎಂದರೆ ಜಗತ್ತಿನಲ್ಲಿ ಹೆಚ್ಚಾಗಿ ಐರಿಷ್ ಜನರ ಹೆಸರು ಕೇಳಿಬರುತ್ತದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ಮುಂದಿನ ಕೆಲವು ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಕೆನಡಾದ ಸೇಂಟ್ ಲಾರೆನ್ಸ್ ನದಿಯಲ್ಲಿ ಗ್ರೋಸ್ ಈಲ್ ಎಂಬ ದ್ವೀಪವಿದೆ. ಹಡಗಿನಿಂದ ಇಳಿದವರನ್ನು ಜ್ವರದ ಭಯಕ್ಕೆ ಅಲ್ಲಿ ಇರಿಸುತ್ತಿದ್ದರು. 1847ರ ಒಂದೇ ವರ್ಷದಲ್ಲಿ ಸಾವಿರಾರು ಮಂದಿಯನ್ನು ಅಲ್ಲಿ ಮಣ್ಣು ಮಾಡಿದರು. 1909ರಲ್ಲಿ ಐರಿಷ್ ಮೂಲದವರು ಅಲ್ಲೊಂದು ಕಲ್ಲಿನ ಶಿಲುಬೆ ನಿಲ್ಲಿಸಿದರು. ಹಡಗಿನ ಪಟ್ಟಿ, ಚರ್ಚಿನ ದಾಖಲೆ, ಸಮಾಧಿಯ ಕಲ್ಲು ಎಷ್ಟೋ ಉಳಿದಿರುವುದರಿಂದ ಇಂದು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಮೊಮ್ಮಗ ತನ್ನ ಮುತ್ತಜ್ಜ ಯಾವ ಹಳ್ಳಿಯಿಂದ ಹೊರಟ ಎಂದು ಹುಡುಕಬಲ್ಲ.

ಲಂಬಾಣಿಗಳಿಗೆ ಹಡಗಿನ ಪಟ್ಟಿಯೂ ಇಲ್ಲ, ಹೊರಟ ದಿನಾಂಕವೂ ಇಲ್ಲ. ಅವರ ನೆನಪಿನ ನಡುವಿನಲ್ಲಿ ಒಂದು ಊರೇ ಇಲ್ಲ. ರಾಜಸ್ಥಾನ ಎಂದು ಹಿರಿಯರು ಹೇಳುತ್ತಾರೆ, ಭಾಷೆಯೂ ಗೋತ್ರಗಳೂ ಅತ್ತಲೇ ಕೈ ತೋರಿಸುತ್ತವೆ. ಆದರೆ ಹಾಡು, ಮದುವೆ, ಹಬ್ಬಗಳ ಒಳಗೆ ಇಳಿದು ನೋಡಿದರೆ ಅಲ್ಲಿ ಕಾಣುವುದು ದಾರಿ. ಎತ್ತು, ಹೇರು, ನೀರಿನ ನೆಲೆ, ತಂಗುವ ಬಯಲು, ಮುಂದೆ ನಡೆಯುವ ನಾಯ್ಕ. ಇಷ್ಟು ಮನಸ್ಸಿಗೆ ಹತ್ತಿದರೆ ತಾಂಡದ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ.

ದಾರಿಯ ಕಥೆ ಹೀಗಿದೆ. ರೈಲು, ಲಾರಿ ಇಲ್ಲದ ಕಾಲದಲ್ಲಿ ಒಳನಾಡಿನ ಊರುಗಳಿಗೆ ಉಪ್ಪು, ಧಾನ್ಯ, ಬೆಲ್ಲ ಹೇಗೆ ಬರಬೇಕು? ಗಾಡಿ ಹೋಗುವ ರಸ್ತೆಗಳೇ ವಿರಳ. ಎತ್ತಿನ ಬೆನ್ನ ಮೇಲೆ ಎರಡೂ ಬದಿಗೆ ಕಂಠಾಳ ಇಳಿಬಿಟ್ಟು, ಸಾವಿರಾರು ಎತ್ತುಗಳನ್ನು ಒಟ್ಟಿಗೆ ಹೊಡೆದುಕೊಂಡು ಹೋಗುತ್ತಿದ್ದವರು ಬಂಜಾರರು. ಲಂಬಾಣಿ, ಲಮಾಣಿ, ಆಂಧ್ರದ ಕಡೆಯ ಸುಗಾಲಿ ಎಲ್ಲವೂ ಇವರಿಗೆ ಬಂದ ಹೆಸರುಗಳೇ, ತಮ್ಮೊಳಗೆ ಅವರು ಹೇಳಿಕೊಳ್ಳುವುದು 'ಗೋರ್' ಎಂದು. ಪೀಟರ್ ಮುಂಡಿ ಎಂಬ ಇಂಗ್ಲಿಷ್ ಪ್ರವಾಸಿ 1632ರಲ್ಲಿ ಉತ್ತರ ಭಾರತದ ದಾರಿಯಲ್ಲಿ 14,000 ಎತ್ತುಗಳ ಒಂದು ತಾಂಡವನ್ನು ಕಂಡು ಬರೆದಿಟ್ಟಿದ್ದಾನೆ. ಎತ್ತುಗಳು ಅವರವೇ. ಹೆಂಡತಿ ಮಕ್ಕಳು, ಪಾತ್ರೆ ಪಗಡ ಎಲ್ಲ ಜೊತೆಗೇ. ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲವಂತೆ. ಎತ್ತು ಮೇಯಬೇಕಲ್ಲ, ಅವಸರ ಮಾಡುವಂತಿಲ್ಲ. ಆಗ ತಾಂಡ ಎಂದರೆ ಊರಲ್ಲ, ನಡೆಯುವ ಗುಂಪು. ಇಂದು ನಕ್ಷೆಯ ಮೇಲೆ ಊರಾಗಿ ಕೂತಿರುವ ತಾಂಡಕ್ಕೆ ಅದೇ ಹೆಸರು ಉಳಿದಿದೆ.

ದಖ್ಖನ್ನಿಗೆ ಅವರು ಇಳಿದದ್ದು ಬಹುಮಟ್ಟಿಗೆ ದಂಡಿನ ಜೊತೆ. ಮೊಗಲರ ಸೇನೆ ತೆಂಕಣಕ್ಕೆ ಬರುವಾಗ ದವಸ ಹೊತ್ತು ತಂದವರು ಇವರು. 1630ರ ಸುಮಾರಿಗೆ ಷಹಜಹಾನನ ಸೇನಾನಿ ಆಸಫ್ ಖಾನನ ಜೊತೆ ಜಂಗಿ, ಭಂಗಿ ಎಂಬ ಇಬ್ಬರು ನಾಯ್ಕರು ಲಕ್ಷಗಟ್ಟಲೆ ಎತ್ತುಗಳೊಂದಿಗೆ ಬಂದರೆಂದೂ, ನೀರು ಮೇವಿಗೆ ಯಾರೂ ಅಡ್ಡಿ ಮಾಡಬಾರದೆಂದು ಅವರಿಗೆ ತಾಮ್ರಪಟ ಸಿಕ್ಕಿತೆಂದೂ ಸಮುದಾಯದ ಹಿರಿಯರು ಹೇಳುವ ಐತಿಹ್ಯ. ಎತ್ತಿನ ಲೆಕ್ಕವನ್ನು ಐತಿಹ್ಯದ ಲೆಕ್ಕವಾಗಿಯೇ ತೆಗೆದುಕೊಳ್ಳಿ. ಆ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕೇಳಿಕೊಂಡ ವರ. ಜಹಗೀರು ಕೇಳಲಿಲ್ಲ, ಊರು ಕೇಳಲಿಲ್ಲ. ಎತ್ತಿಗೆ ನೀರು, ಹುಲ್ಲು ಕೇಳಿದರು.

ಮೈಸೂರು ಯುದ್ಧಗಳ ಕಾಲಕ್ಕೆ ಅವರು ನಮ್ಮ ನೆಲದಲ್ಲಿ ಓಡಾಡುತ್ತಿದ್ದರು. 1791ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಬಂಜಾರರ ಧಾನ್ಯವೇ ಆಧಾರ. 1803ರ ಮಾರ್ಚಿನಲ್ಲಿ ಆರ್ಥರ್ ವೆಲ್ಲೆಸ್ಲಿ ಹರಿಹರದಿಂದ ಪುಣೆಯ ಕಡೆ ದಂಡು ಹೊರಡಿಸಿದಾಗಲೂ ಹಿಂದೆ ಇವರ ಹೇರೆತ್ತುಗಳು ಇದ್ದವು. ಈ ವೆಲ್ಲೆಸ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹುಟ್ಟಿದವನು, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ಹರಿಹರ 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಐರಿಷ್ ನೆಲದಲ್ಲಿ ಹುಟ್ಟಿದ ಸೇನಾಪತಿಯ ದಂಡು ನಮ್ಮ ತುಂಗಭದ್ರೆಯ ದಡದಲ್ಲಿ ಉಂಡದ್ದು ಲಂಬಾಣಿಗಳು ಹೊತ್ತು ತಂದ ದವಸ. ಸೇನಾಪತಿಯ ಪತ್ರಗಳು ಅಚ್ಚಾಗಿ ಗ್ರಂಥಾಲಯ ಸೇರಿದವು. ಹೊತ್ತು ತಂದವರ ಹೆಸರುಗಳು ಬಹುಪಾಲು ಉಳಿಯಲಿಲ್ಲ.

ಆಮೇಲೆ ದಾರಿ ಮುಚ್ಚಿತು. ಕಂಪನಿ ಸರ್ಕಾರ ನೆಲೆನಿಂತು ಯುದ್ಧಗಳು ನಿಂತವು. ರಸ್ತೆಗಳಾದವು, ಗಾಡಿಗಳು ಹೆಚ್ಚಿದವು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬೆಂಗಳೂರಿನಿಂದ ಹರಿಹರದ ಮೇಲೆ ಪುಣೆಗೆ ರೈಲು ಬಂತು. ಹೊಸದುರ್ಗ ರೋಡ್, ಚಿಕ್ಕಜಾಜೂರು ಸ್ಟೇಷನ್ನುಗಳು ಆ ದಾರಿಯವೇ. ಒಂದು ಗೂಡ್ಸ್ ಗಾಡಿ ಹೊರುವ ಉಪ್ಪನ್ನು ಹೊರಲು ಎಷ್ಟು ಎತ್ತು ಬೇಕು ಯೋಚಿಸಿ. ಒಂದೆರಡು ತಲೆಮಾರಿನೊಳಗೆ ಹೇರಿನ ಕಸುಬು ಕೈಬಿಟ್ಟಿತು. ಅದರ ಮೇಲೆ 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಅಲೆಮಾರಿ ಎಂದರೆ ಕಳ್ಳ ಎಂಬ ಅನುಮಾನವನ್ನು ಕಾನೂನು ಮಾಡಿದ ಕಾಯ್ದೆ ಅದು. ಕೆಲವು ಪ್ರಾಂತಗಳಲ್ಲಿ ಬಂಜಾರರ ಗುಂಪುಗಳೂ ಅದರ ಪಟ್ಟಿಗೆ ಸೇರಿದವು. ಆ ಕಾಯ್ದೆಯ ಹಿಡಿತದಿಂದ ಅಲೆಮಾರಿಗಳಿಗೆ ಬಿಡುಗಡೆಯಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಕಾಯ್ದೆ ಹೋದರೂ ಜನರ ಬಾಯಿಂದ ಆ ಮಾತು ಪೂರ್ತಿ ಹೋಗಿಲ್ಲ. ನಿಮ್ಮ ಸ್ಟಾಫ್ ರೂಮಿನಲ್ಲೇ ಅದು ಕೇಳಿಸಬಹುದು. ಕೇಳಿಸಿದರೆ ಸುಮ್ಮನಿರಬೇಡಿ.

ನಡೆಯುವ ತಾಂಡ ನಿಲ್ಲಬೇಕಾಗಿ ಬಂದಾಗ ಜಾಗ ಎಲ್ಲಿ? ಕೆರೆಯ ಕೆಳಗಿನ ಗದ್ದೆ, ಊರ ಸುತ್ತಿನ ಎರೆ ಹೊಲ ಎಲ್ಲಕ್ಕೂ ಆಗಲೇ ಒಡೆಯರಿದ್ದರು. ಉಳಿದದ್ದು ಗುಡ್ಡದ ಬುಡ, ಕಾಡಂಚು, ಗರಸು ನೆಲ. ಆದ್ದರಿಂದಲೇ ಚಿತ್ರದುರ್ಗದ ಜೋಗಿಮಟ್ಟಿ ಸುತ್ತ ಆಗಲಿ, ಹೊಳಲ್ಕೆರೆ ಹೊಸದುರ್ಗದ ಬೆಟ್ಟಸಾಲಿನ ಕೆಳಗಾಗಲಿ ತಾಂಡಗಳು ಅಂಥ ಕಡೆಯೇ ಇವೆ. ಸೌದೆ ಕಡಿದು ಮಾರಿದರು, ಸೀತಾಫಲದ ಕಾಲಕ್ಕೆ ಹಣ್ಣು ಹೊತ್ತರು, ದನ ಕಟ್ಟಿದರು, ಕಲ್ಲು ಆಯ್ದು ರಾಗಿ ಹುರುಳಿ ಬಿತ್ತಿದರು. ಉತ್ತ ಹೊಲಕ್ಕೆ ಕಾಗದ ಇಲ್ಲ, ಕೂತ ಮನೆಗೆ ಹಕ್ಕುಪತ್ರ ಇಲ್ಲ. ತಾಂಡ, ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಇತ್ತೀಚಿನದು. ರಾಜ್ಯ ಸರ್ಕಾರದ ತಾಂಡಾ ಅಭಿವೃದ್ಧಿ ನಿಗಮ ಹುಟ್ಟಿದ್ದೇ 2009ರಲ್ಲಿ. ನಿಮ್ಮ ಶಾಲೆಯ ಮಗುವಿನ ಜಾತಿ, ಆದಾಯ ಪತ್ರಕ್ಕೆ ಅಪ್ಪ ಹತ್ತು ಸಲ ತಾಲ್ಲೂಕು ಕಚೇರಿಗೆ ಅಲೆದ ಎಂದರೆ ಅದರ ಬೇರು ಇಷ್ಟು ಹಿಂದಿನದು.

ಈಗ ತಾಂಡದ ಒಳಗೆ ಬನ್ನಿ.

ಮೊದಲು ಕಾಣುವುದು ಗುಡಿ. ಸಾಮಾನ್ಯವಾಗಿ ಎರಡು, ಅಕ್ಕಪಕ್ಕ. ಬಿಳಿ ಬಾವುಟದ್ದು ಸಂತ ಸೇವಾಲಾಲರದು, ಕೆಂಪು ಬಾವುಟದ್ದು ಮರಿಯಮ್ಮನದು. ಮರಿಯಮ್ಮನನ್ನು ಅವರು 'ಯಾಡಿ' ಎನ್ನುತ್ತಾರೆ, ಅಮ್ಮ ಎಂದೇ. ಸೇವಾಲಾಲರು 1739ರ ಫೆಬ್ರುವರಿ 15ರಂದು ಸೂರಗೊಂಡನಕೊಪ್ಪದಲ್ಲಿ ಹುಟ್ಟಿದರೆಂದು ಇಲ್ಲಿಯ ಲಂಬಾಣಿಗಳ ನಂಬಿಕೆ. ಅದು ಈಗಿನ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕು, ಹೊಳಲ್ಕೆರೆಯಿಂದ ಬಹಳ ದೂರವೇನಲ್ಲ. ಅವರ ಸಮಾಧಿ ಇರುವುದು ಮಹಾರಾಷ್ಟ್ರದ ವಾಶಿಂ ಜಿಲ್ಲೆಯ ಪೋಹರಾದೇವಿಯಲ್ಲಿ. ದೇಶದ ಬಂಜಾರರಿಗೆಲ್ಲ ಪೂಜ್ಯರಾದ ಸಂತರ ಹುಟ್ಟೂರು ನಮ್ಮ ಪಕ್ಕದಲ್ಲಿದೆ ಎಂಬುದನ್ನು ಗಮನಿಸಿ. ರಾಜಸ್ಥಾನದಿಂದ ಹೊರಟ ಜನ ಎನ್ನುತ್ತೇವೆ, ಅವರು ಯಾತ್ರೆ ಹೋಗುವುದು ಮಾತ್ರ ಕನ್ನಡ ನಾಡಿನ ಒಂದು ಕೊಪ್ಪಕ್ಕೆ. ಸೇವಾಲಾಲರ ಚರಿತ್ರೆಯಲ್ಲಿ ಕುದುರೆಗೂ ಎತ್ತಿಗೂ ಹೆಸರಿದೆ: ಕುದುರೆ ತೋಳಾರಾಮ, ಎತ್ತು ಗರಾಸ್ಯ. ದಾರಿಯ ಜನಕ್ಕೆ ದಾರಿಯ ಸಂತ. ಚಿತ್ರದುರ್ಗದಲ್ಲಿಯೂ ಬಂಜಾರ ಗುರುಪೀಠ ಇದೆ.

ಗುಡಿ ಆದಮೇಲೆ ನಾಯ್ಕನ ಮನೆ. ನಾಯ್ಕ, ಅವನ ಜೊತೆಗೆ ಕಾರಭಾರಿ, ಹಿರಿಯರು ಕೂತು ಜಗಳ, ಮದುವೆ, ಹಬ್ಬದ ತೀರ್ಮಾನ ಮಾಡುವ ಪದ್ಧತಿ. ಪಂಚಾಯಿತಿ ಚುನಾವಣೆ ಬಂದಮೇಲೆ ಅವರ ಅಧಿಕಾರ ಸಣ್ಣದಾಗಿದೆ. ಆದರೂ ಹಬ್ಬಕ್ಕೆ ಅಪ್ಪಣೆ ಕೇಳುವುದು ಅವರನ್ನೇ. ನೀವು ಪೋಷಕರ ಸಭೆ ಕರೆಯುವ ಮುಂಚೆ ಒಂದು ಸಲ ಅವರ ಮನೆಗೆ ಹೋಗಿ ಕೂತು ಬನ್ನಿ. ಸಭೆ ತುಂಬುತ್ತದೆ.

ಭಾಷೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಯಾಕೆಂದರೆ ಮೇಷ್ಟ್ರಾಗಿ ನಿಮ್ಮ ಮೊದಲ ಪರೀಕ್ಷೆ ಅದೇ. ಒಂದನೇ ಕ್ಲಾಸಿಗೆ ಬಂದ ತಾಂಡದ ಮಗು ಮನೆಯಲ್ಲಿ ಅಮ್ಮನಿಗೆ ಯಾಡಿ, ನೀರಿಗೆ ಪಾಣಿ, ರೊಟ್ಟಿಗೆ ಬಾಟಿ ಎನ್ನುತ್ತಾ ಬೆಳೆದಿರುತ್ತದೆ. ನಿಮ್ಮ ಕನ್ನಡ ಅದಕ್ಕೆ ಎರಡನೆಯದು. ಸುಮ್ಮನೆ ಕೂತ ಮಗುವನ್ನು ಮಂದ ಎಂದು ಎಷ್ಟೋ ಜನ ಬರೆದುಬಿಟ್ಟಿದ್ದಾರೆ. ಅದು ಮಂದವಲ್ಲ, ಎರಡು ಭಾಷೆಯ ನಡುವೆ ಸೇತುವೆ ಕಟ್ಟಿಕೊಳ್ಳುತ್ತಿರುತ್ತದೆ. ಲಂಬಾಣಿ ಭಾಷೆ ರಾಜಸ್ಥಾನಿ ಗುಂಪಿಗೆ ಸೇರಿದ್ದು, ಅದಕ್ಕೆ ಸ್ವಂತ ಲಿಪಿ ಇಲ್ಲ. ಕರ್ನಾಟಕದಲ್ಲಿ ಕನ್ನಡ ಲಿಪಿ, ಮಹಾರಾಷ್ಟ್ರದಲ್ಲಿ ದೇವನಾಗರಿ, ತೆಲಂಗಾಣದಲ್ಲಿ ತೆಲುಗು. ಕನ್ನಡ ಲಿಪಿ ಅದಕ್ಕೆ ಚೆನ್ನಾಗಿ ಒದಗುತ್ತದೆ, 'ಳ' ಅಕ್ಷರವೂ ಸೇರಿ. ದೀಪಾವಳಿಗೆ ಅವರು ಹೇಳುವ 'ದವಾಳಿ'ಯನ್ನು ನಾವು ಇದ್ದ ಹಾಗೇ ಬರೆಯಬಹುದು.

2011ರ ಜನಗಣತಿಯಲ್ಲಿ ಲಂಬಾಡಿ ಮಾತೃಭಾಷೆಯೆಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಬಂಜಾರಿ ಎಂದು ಬರೆಸಿದವರು ಬೇರೆ. ಇಷ್ಟು ಜನರ ಭಾಷೆಯನ್ನು ಜನಗಣತಿ ಹಿಂದಿಯ ಕೆಳಗೆ ಸೇರಿಸಿ ಎಣಿಸುತ್ತದೆ. ಹಿಂದಿ ಓದಲು ಬಾರದ, ದಿನವಿಡೀ ಕನ್ನಡದಲ್ಲಿ ವ್ಯವಹರಿಸುವ ಹೊಸದುರ್ಗದ ಮುದುಕಿಯೂ ಆ ಲೆಕ್ಕದಲ್ಲಿ ಹಿಂದಿಯವಳು. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ವಲಸೆ ಹೋದ ಐರಿಷರು ಒಂದೆರಡು ತಲೆಮಾರಿನಲ್ಲೇ ಐರಿಷ್ ನುಡಿ ಬಿಟ್ಟು ಇಂಗ್ಲಿಷಿಗೆ ಹೋದರು, ಹೆಸರು ಸಂಗೀತ ಕುಣಿತ ಉಳಿಸಿಕೊಂಡರು. ನಮ್ಮ ತಾಂಡಗಳು ನೂರಾರು ವರ್ಷ, ಶಾಲೆ ಪುಸ್ತಕಗಳ ನೆರವಿಲ್ಲದೆ, ನುಡಿಯನ್ನೇ ಉಳಿಸಿಕೊಂಡಿವೆ. ಊರಿನಿಂದ ದೂರ, ತಮ್ಮವರೇ ಸೇರಿ ಬದುಕಿದ್ದು ಅದಕ್ಕೆ ಕಾರಣ. ಊರಿನವರು ಅವರನ್ನು ದೂರ ಇಟ್ಟದ್ದು ಕೂಡ. ಇದರ ಜೊತೆ ಇನ್ನೊಂದೂ ನಡೆದಿದೆ: ಲಂಬಾಣಿ ತಾಯ್ನುಡಿಯವರು ಕನ್ನಡದ ಲೇಖಕರಾದರು. ಕಡೂರು ಸೀಮೆಯ ತಾಂಡದಿಂದ ಬಂದ ಬಿ.ಟಿ. ಲಲಿತಾ ನಾಯಕ್ ಕನ್ನಡದ ಕಥೆಗಾರ್ತಿ, ಬಂಡಾಯ ಚಳವಳಿಯವರು, ರಾಜ್ಯದ ಮಂತ್ರಿಯೂ ಆದವರು. ಅವರ ಬರಹವನ್ನು ನಿಮ್ಮ ಶಾಲೆಯ ಹೆಣ್ಣುಮಕ್ಕಳ ಕೈಗೆ ಕೊಡಿ.

ಬಟ್ಟೆ ನೋಡುವುದನ್ನೂ ಕಲಿಯಬೇಕು. ಹಳೆಯ ಉಡುಗೆಯನ್ನು ದಿನವೂ ತೊಡುವವರು ಈಗ ಮುದುಕಿಯರು ಮಾತ್ರ, ಸೊಸೆಯಂದಿರು ಸೀರೆಗೆ, ಮೊಮ್ಮಕ್ಕಳು ಚೂಡಿದಾರಕ್ಕೆ ಬಂದಾಗಿದೆ. ಆದರೆ ಟ್ರಂಕಿನೊಳಗೆ ಒಂದು ಜೊತೆ ಇದ್ದೇ ಇರುತ್ತದೆ. ಲಂಗಕ್ಕೆ ಫೇಟಿಯಾ ಎನ್ನುತ್ತಾರೆ, ಬೆನ್ನು ಬಿಟ್ಟ ಕುಪ್ಪಸಕ್ಕೆ ಕಾಂಚಳಿ. ಹೊಳಲ್ಕೆರೆ ಕಡೆಯ ಒಂದು ತಾಂಡದಲ್ಲಿ ಅಜ್ಜಿಯೊಬ್ಬರು ತಮ್ಮ ಕಾಂಚಳಿಯನ್ನು ನನ್ನ ಮುಂದೆ ಬಿಡಿಸಿಟ್ಟರು. ಕೈಗೆ ತೆಗೆದುಕೊಂಡಾಗ ಅದರ ಭಾರವೇ ಮೊದಲು ಗೊತ್ತಾದದ್ದು. ಕಡುಗೆಂಪು ಬಟ್ಟೆ ಕಾಣದಷ್ಟು ಹೊಲಿಗೆ. ಉಗುರಿನಗಲದ ಕನ್ನಡಿ ಚೂರುಗಳು, ಒಂದೊಂದರ ಸುತ್ತ ಬಿಗಿದ ನೂಲಿನ ಕಟ್ಟು. ತೋಳಿನ ಅಂಚಿಗೆ ಕವಡೆ. ಎದೆಯ ಮೇಲೆ ಸಾಲಾಗಿ ಹೊಲಿದ ನಾಣ್ಯಗಳು, ಅವುಗಳಲ್ಲಿ ಕೆಲವು ಜಾರ್ಜ್ ದೊರೆಯ ತಲೆಯಿರುವ ಬೆಳ್ಳಿಯವು, ತಿಕ್ಕಿ ತಿಕ್ಕಿ ಮೂಗು ಸವೆದವು. "ಇದು ನಮ್ಮ ಯಾಡಿದು ಮೇಷ್ಟ್ರೇ, ಬಟ್ಟೆ ಹರೀತು, ಬಿಲ್ಲೆ ಬಿಚ್ಚಿ ಹೊಸದಕ್ಕೆ ಹಾಕ್ಕೊಂಡೆ" ಎಂದರು. ಹೀಗೆ ಬಟ್ಟೆ ಬದಲಾದರೂ ಬಿಲ್ಲೆ ಕನ್ನಡಿಗಳು ತಾಯಿಂದ ಮಗಳಿಗೆ ಇಳಿಯುತ್ತವೆ. ದಾರಿಯ ಮೇಲೆ ಬದುಕುವವರಿಗೆ ಪೆಟ್ಟಿಗೆ ಇಲ್ಲ, ಗೋಡೆ ಇಲ್ಲ. ಆಸ್ತಿಯೆಲ್ಲ ಎತ್ತಿನ ಬೆನ್ನ ಮೇಲೆ, ಇಲ್ಲವೇ ಹೆಂಗಸಿನ ಮೈಮೇಲೆ. ಅಂಗಡಿಯ ಉಡುಗೆಯಲ್ಲಿ ಇದನ್ನು 'ಲಂಬಾಣಿ ಡಿಸೈನ್' ಎಂದು ಮಾರುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ಕಸೂತಿ ತುಂಡುಗಳನ್ನು ಒಟ್ಟಿಗೆ ಇಟ್ಟದ್ದು ಗಿನ್ನೆಸ್ ದಾಖಲೆಯಾಯಿತು. ನಮ್ಮ ತಾಲ್ಲೂಕುಗಳ ಅಜ್ಜಿಯರ ಕೈಯಲ್ಲೂ ಅದೇ ಹೊಲಿಗೆ ಇದೆ, ಕಲಿಯುವ ಮೊಮ್ಮಕ್ಕಳು ಕಡಿಮೆ.

ಮದುವೆಯಲ್ಲಿ ಒಂದು ಹಳೆಯ ಸಂಪ್ರದಾಯವಿದೆ. ತವರು ಬಿಡುವ ಹೆಣ್ಣು ಅಪ್ಪ, ಅಣ್ಣ, ಅತ್ತಿಗೆ, ಗೆಳತಿ ಒಬ್ಬೊಬ್ಬರನ್ನೂ ತಬ್ಬಿಕೊಂಡು ರಾಗವಾಗಿ ಅಳುತ್ತಾ ಹಾಡುತ್ತಾಳೆ. ಆ ಅಳುಹಾಡಿಗೆ ಢಾವಲೋ ಎಂದು ಹೆಸರು. ಮದುವೆಗೆ ಮುಂಚೆಯೇ ಹಿರಿಯ ಹೆಂಗಸರ ಹತ್ತಿರ ಅದನ್ನು ಕಲಿಯಬೇಕಿತ್ತು. ಕೊನೆಗೆ ಸಿಂಗರಿಸಿದ ಎತ್ತಿನ ಮೇಲೆ ಅವಳನ್ನು ನಿಲ್ಲಿಸುತ್ತಾರೆ, ಎರಡೂ ಕೈ ಎತ್ತಿ ಅವಳು ತವರಿನ ತಾಂಡವನ್ನು ಹರಸುತ್ತಾಳೆ. ಕೂರುವುದಲ್ಲ, ಎತ್ತಿನ ಬೆನ್ನ ಮೇಲೆ ನಿಲ್ಲುವುದು. ಹೇರು ನಿಂತು ಎಷ್ಟೋ ತಲೆಮಾರು ಕಳೆದರೂ ಮದುಮಗಳು ಹೊರಡಲು ಎತ್ತು ಬೇಕು. ಇಂದು ಕಲ್ಯಾಣ ಮಂಟಪದ ಒಂದು ದಿನದ ಮದುವೆಯಲ್ಲಿ ಎತ್ತಿಗೆ ಜಾಗವಿಲ್ಲ. ಢಾವಲೋ ಬಲ್ಲ ಹೆಂಗಸರು ಒಂದೊಂದು ತಾಂಡದಲ್ಲಿ ಬೆರಳೆಣಿಕೆಯಷ್ಟು.

ಹಬ್ಬಗಳಲ್ಲಿ ತೀಜ್ ಮದುವೆಯಾಗದ ಹುಡುಗಿಯರದು, ಶ್ರಾವಣದ್ದು. ನಾಯ್ಕನ ಅಪ್ಪಣೆ ಪಡೆದು ಹುತ್ತದ ಮಣ್ಣಿಗೆ ಗೊಬ್ಬರ ಬೆರೆಸಿ ಬುಟ್ಟಿಗೆ ತುಂಬಿ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ಹಾಡುತ್ತಾ ನೀರು ಹಾಕುತ್ತಾರೆ. ಸಸಿ ಗೇಣುದ್ದ ಬಂದಮೇಲೆ ಹಿರಿಯರ ಪೇಟಕ್ಕೆ ಸಿಕ್ಕಿಸಿ, ಉಳಿದದ್ದನ್ನು ನೀರಿಗೆ ಬಿಡುತ್ತಾರೆ. ಕೆಲವೆಡೆ ಮಣ್ಣಿನಲ್ಲಿ ಗಣಗೋರ್ ಎಂಬ ಗಂಡು ಹೆಣ್ಣಿನ ಬೊಂಬೆ ಮಾಡುವುದೂ ಉಂಟು. ರಾಜಸ್ಥಾನದ ಹೆಂಗಸರ ದೊಡ್ಡ ಹಬ್ಬದ ಹೆಸರೇ ಗಣಗೌರ್. ಯಾವ ಪುಸ್ತಕವೂ ಹೇಳಿಕೊಡದೆ ಆ ಹೆಸರು ಇಲ್ಲಿಯವರೆಗೆ ನಡೆದು ಬಂದಿದೆ. ಬಿತ್ತುವ ಧಾನ್ಯವನ್ನೂ ನೋಡಿ: ನಮ್ಮ ಸೀಮೆಯದು ರಾಗಿ, ಜೋಳ. ಹುಡುಗಿಯರ ಬುಟ್ಟಿಯಲ್ಲಿ ಮಾತ್ರ ಗೋಧಿ.

ದೀಪಾವಳಿ ಇನ್ನೂ ದೊಡ್ಡದು. ಅಮಾವಾಸ್ಯೆಯ ಸಂಜೆ ಹುಡುಗಿಯರು ಹಣತೆ ಹಿಡಿದು ಮೊದಲು ನಾಯ್ಕನ ಮನೆಗೆ, ಆಮೇಲೆ ಮನೆಮನೆಗೆ ಹೋಗಿ ಹಾಡಿ ಹರಸುತ್ತಾರೆ. ಇದು ಮೇರಾ. ಹಿರಿಯರು ಕಾಸು ಕೊಡುತ್ತಾರೆ. ಮರುದಿನ ಬೆಳಿಗ್ಗೆ ಹುಡುಗಿಯರೆಲ್ಲ ಗುಂಪಾಗಿ ಕಾಡಿಗೆ ಹೋಗಿ ಹೂವು ತಂದು ಮನೆಗಳ ಮುಂದಿನ ಸಗಣಿಯ ಗುಪ್ಪೆಗೆ ಮುಡಿಸುತ್ತಾರೆ. ಮನೆಯೊಳಗೆ ಕೆಂಡದ ಮೇಲೆ ತುಪ್ಪ ಬೆಲ್ಲ ಬೆರೆಸಿದ ಅನ್ನ ಹಾಕಿ ಹಿರಿಯರ ಹೆಸರು ಹೇಳಿ ನೆನೆಯುತ್ತಾರೆ. ಎಲ್ಲೆಲ್ಲೋ ದಾರಿಯಲ್ಲಿ ಸತ್ತು, ಅಲ್ಲೇ ಮಣ್ಣಾಗಿ ಹೋದ ಹಿರಿಯರಿಗೆ ಸಮಾಧಿಯ ಕಲ್ಲು ಇಲ್ಲ. ಕೆಂಡ ಎಲ್ಲಿ ಹಚ್ಚಿದರೆ ಅಲ್ಲಿ ಅವರು ಬರುತ್ತಾರೆ. ಗ್ರೋಸ್ ಈಲ್‌ನ ಶಿಲುಬೆಯನ್ನು ನೋಡಲು ಆ ದ್ವೀಪಕ್ಕೇ ಹೋಗಬೇಕು. ಈ ಒಲೆಯ ಕೆಂಡವನ್ನು ಯಾವ ಬಯಲಿಗೆ ಬೇಕಾದರೂ ಒಯ್ಯಬಹುದು.

ದೀಪಾವಳಿ ಈಗ ಇನ್ನೊಂದು ಕಾರಣಕ್ಕೂ ದೊಡ್ಡದು. ದಾರಿ ಮುಗಿಯಲಿಲ್ಲ. ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮ ತಾಂಡಗಳಿಂದ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯುವ ಕಡೆಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಜನ ಗುಳೆ ಹೋಗುತ್ತಾರೆ. ಟೆಂಪೋದಲ್ಲಿ ಪಾತ್ರೆ, ಹಾಸಿಗೆ, ಕೋಳಿ, ಮಗು ಎಲ್ಲ ಒಟ್ಟಿಗೆ. ಮನೆಗೆ ಬೀಗ, ಕಟ್ಟೆಯ ಮೇಲೆ ಅಜ್ಜ ಅಜ್ಜಿ. ಹಬ್ಬಕ್ಕೆ ಹೇಗಾದರೂ ಬರುತ್ತಾರೆ, ಮುಗಿದಮೇಲೆ ಮತ್ತೆ ಹೊರಡುತ್ತಾರೆ. ನಿಮ್ಮ ಹಾಜರಿ ಪುಸ್ತಕದಲ್ಲಿ ನವೆಂಬರ್ ಡಿಸೆಂಬರಿನ ಹೊತ್ತಿಗೆ ಕೆಂಪು ಗೆರೆ ಹೆಚ್ಚುವುದು ಇದರಿಂದ. 'ಇವರಿಗೆ ಓದಿನ ಮೇಲೆ ಆಸೆ ಇಲ್ಲ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಳೆ ಕೈಕೊಟ್ಟ ವರ್ಷ ಎರಡೆಕರೆ ಗರಸು ನೆಲದಲ್ಲಿ ಏನು ಸಿಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಹೆಸರು ಹೊಡೆದುಹಾಕುವ ಮುಂಚೆ ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟು ಹೋಗುವಂತೆ ಕೇಳಿ, ಹಾಸ್ಟೆಲ್ ಸೀಟು ಹುಡುಕಿ, ತೋಟದ ಹತ್ತಿರದ ಶಾಲೆಯ ಮೇಷ್ಟ್ರಿಗೆ ಒಂದು ಫೋನ್ ಮಾಡಿ.

ವಂಶಾವಳಿಯ ಮಾತು ಬಿಟ್ಟುಹೋಗಬಾರದು. ಢಾಡಿ, ಭಾಟ್ ಎಂಬ ಗಾಯಕರು ಹಿಂದೆ ತಾಂಡದಿಂದ ತಾಂಡಕ್ಕೆ ಬಂದು ಗೋತ್ರದ ಹಿರಿಯರ ಹೆಸರುಗಳನ್ನು ಹಾಡಿ ಹೇಳುತ್ತಿದ್ದರು. ನಡೆಯುವ ಜನಕ್ಕೆ ಅವರೇ ದಾಖಲೆ ಕಚೇರಿ. ಅವರು ಬರುವುದು ಈಗ ಅಪರೂಪ. ಹಳೆಯ ಹಾಡು, ಗೋತ್ರ, ಆಚರಣೆಗಳನ್ನು ಪುಸ್ತಕಕ್ಕೆ ಇಳಿಸುವ ಕೆಲಸವನ್ನು ಸಮುದಾಯದೊಳಗಿನ ವಿದ್ವಾಂಸರೇ ಮಾಡಿದ್ದಾರೆ, ಜಾನಪದ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಿ.ಬಿ. ನಾಯಕರು ಅಂಥವರಲ್ಲಿ ಒಬ್ಬರು.

ಯುರೋಪಿನ ರೋಮಾ ಜನ ನಮ್ಮವರೇ ಎಂಬ ಮಾತೂ ತಾಂಡದ ಓದಿದ ಹುಡುಗರ ಬಾಯಲ್ಲಿ ಕೇಳುತ್ತೀರಿ. ರೋಮಾಗಳ ಭಾಷೆ ಭಾರತದ ಮೂಲದ್ದು, ಅವರು ಸುಮಾರು ಸಾವಿರ ವರ್ಷದ ಹಿಂದೆ ಇಲ್ಲಿಂದ ಹೊರಟವರು ಎಂಬುದನ್ನು ಭಾಷಾವಿದರು ಒಪ್ಪುತ್ತಾರೆ. ಬಂಜಾರರಿಗೂ ಅವರಿಗೂ ನೇರ ನಂಟು ಇತ್ತೆಂಬುದು ಸಾಬೀತಾಗಿಲ್ಲ. ಹುಡುಗರ ಉತ್ಸಾಹವನ್ನು ಮುರಿಯಬೇಡಿ, ಎರಡನ್ನೂ ಬೇರೆಬೇರೆಯಾಗಿ ಹೇಳಿ.

ಇನ್ನು ನೀವು ಹೋಗುವ ಬಗೆ. 'ನೀವು ಎಲ್ಲಿಂದ ಬಂದವರು?' ಎಂದು ಮೊದಲ ಭೇಟಿಯಲ್ಲೇ ಕೇಳಬೇಡಿ. ಕಚೇರಿಗಳಲ್ಲಿ ಆ ಪ್ರಶ್ನೆಯನ್ನು ಅವರು ಬೇರೆ ದನಿಯಲ್ಲಿ ಬಹಳ ಸಲ ಕೇಳಿದ್ದಾರೆ, ಅದಕ್ಕೆ 'ಇಲ್ಲಿಯವರೇ' ಎಂಬ ಸಿದ್ಧ ಉತ್ತರ ಇಟ್ಟುಕೊಂಡಿದ್ದಾರೆ. ಆ ಉತ್ತರವೂ ನಿಜವೇ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೆ, ನಾಯಕನಹಟ್ಟಿ ತಿಪ್ಪೇಸ್ವಾಮಿಯ ತೇರಿಗೆ ಎಲ್ಲರಂತೆ ಹೋಗುವವರು ಅವರು. ಎತ್ತಿನ ಬಗ್ಗೆ ಕೇಳಿ, ತೀಜ್ ಹಾಡಿನ ಬಗ್ಗೆ ಕೇಳಿ, ಕಾಂಚಳಿ ಹೊಲಿದವರು ಯಾರು ಎಂದು ಕೇಳಿ. ಮಾತು ತಾನಾಗಿ ಹಿಂದಕ್ಕೆ ಹೋಗುತ್ತದೆ. ಹಾಡನ್ನು ಫೋನಿನಲ್ಲಿ ಹಿಡಿಯುವುದಾದರೆ ಹಾಡುವವರನ್ನು ಕೇಳಿ ಹಿಡಿಯಿರಿ, ಅವರ ಮೊಮ್ಮಗನ ಫೋನಿಗೂ ಒಂದು ಪ್ರತಿ ಕಳಿಸಿ. ಮಕ್ಕಳಿಗೆ ಅಜ್ಜಿಯ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದು ತರಲು ಹೇಳಿ, ಕನ್ನಡದ ಕಾಗುಣಿತವೂ ಕಲಿತ ಹಾಗಾಗುತ್ತದೆ.

ಹೋಗಲು ಒಳ್ಳೆಯ ಕಾಲ ದೀಪಾವಳಿ ಅಮಾವಾಸ್ಯೆಯ ಸಂಜೆ. ಅದು ತಪ್ಪಿದರೆ ಫೆಬ್ರುವರಿ. ಸೇವಾಲಾಲ್ ಜಯಂತಿಗೆ ಮಾಲೆ ಧರಿಸಿದವರು ಗುಂಪುಗುಂಪಾಗಿ ಸೂರಗೊಂಡನಕೊಪ್ಪದ ಕಡೆ ನಡೆದು ಹೋಗುತ್ತಾರೆ. ನಿಮ್ಮ ಶಾಲೆಯ ದೊಡ್ಡ ಹುಡುಗರು ಅದರಲ್ಲಿ ಇದ್ದಾರು. ಆ ವಾರ ಕಿರುಪರೀಕ್ಷೆ ಇಡಬೇಡಿ.